ತಿರಕಪ್ಪನ ಉಡದಾರ

ಬಾಳೆಹೊಸೂರ
9-6-1948

ಗದಗಿನೊಳಗ ಸಿಪಾಯಿಗಳ ಬಾಕಿ ಪಗಾರದ ಕಚೇರಿಯಲ್ಲಿ ತಪಾಸದ ಕೆಲಸ ಮಾಡೂ ಸಕ್ರಪ್ಪ ಅಣ್ಣಾರಿಗೆ,

ತಿರಕಪ್ಪನ ಹೆಂಡತಿ ದೇವವ್ವ ಬರೆಸಿದ್ದು. ನನಗ ಅಕ್ಷರ ಬರೂದಿಲ್ಲ. ಲಕ್ಷ್ಮೇಶ್ವರದ ಬಳಿಗಾರ ನಜೀರಸಾಬ ಕಾಕಾರು ನಮ್ಮೂರಿಗೆ ಬಳಿ ಇಡಸಾಕ ಬಂದಾಗ ಪತ್ರಾನೂ ಬರ್ದು ಕೊಡ್ತಾರ. ನಾ ಅಂದಂಗ ಬರೀರಿ, ತಿದ್ದಬ್ಯಾಡ್ರಿ ಅಂತ ಹೇಳೀನಿ.

ನಮ್ಮವರು ಬರ್ಮಾ ಕಡೆ ರಸ್ತಾ ಕಡಿಯೂ ಪಲ್ಟನ್ನಿನ್ಯಾಗ ಇದ್ರು. ನಲವತ್ತೆರಡನೇ ಇಸ್ವಿಯೊಳಗ ತೀರಿಕೊಂಡ್ರು ಅಂತ ಇಂಗ್ಲೀಷ್ ಕಾಗದ ಬಂತು. ಹದಿನಾಲ್ಕು ತಿಂಗಳ ಪಗಾರ ಸರಕಾರದಾಗ ಉಳದೈತಿ. ಮೊದಲು ಗದಗಿಗೆ ಹೋದ್ರ, ನೀವು ಸಂಸ್ಥಾನದವರು, ನಿಮ್ಮ ರಾಜರನ್ನ ಕೇಳ್ರಿ ಅಂದ್ರು. ಈಗ ಸಂಸ್ಥಾನನ ಹೋತು. ಇನ್ನರ ಸಿಕ್ಕೀತು ಅಂದ್ರ, ನಮ್ಮ ಭಾವ ಲಕ್ಷ್ಮಪ್ಪನ ಹೆಸರಿಗೆ ನೋಟೀಸು ಬಂತು. ತಮ್ಮನ ಪಗಾರ ಅಣ್ಣಗ ಕೊಡ್ತಾರಂತ. ಯಾಕಂದ್ರ ತಪಾಸದ ಕಾಗದದೊಳಗ ನನ್ನ ಹೆಸರಿನ ಮುಂದ ‘ಸದರಿ ಹೆಂಗಸಿನ ಉಡಿಕಿ ಆಗಿದೆ’ ಅಂತ ಷರಾ ಐತಂತ.

ಅಣ್ಣಾರ, ನಾ ಯಾರ ಜೋಡಿ ಉಡಿಕಿ ಆಗೀನಿ? ನನಗ ಎರಡನೇ ಗಂಡ ಯಾರು ಅಂತ ನನಗ ಗೊತ್ತಿಲ್ಲ, ಸರಕಾರಕ್ಕ ಗೊತ್ತೈತಿ. ಲಕ್ಷ್ಮಪ್ಪ ಚಾವಡಿ ಕಟ್ಟಿ ಮ್ಯಾಲೆ ಕುಂತು, “ಸರಕಾರನ ನಿಂತು ಇಕಿ ಲಗ್ನಾ ಮಾಡೇತಿ, ನಮಗ ಒಂದು ಹೋಳಿಗಿ ಊಟಾನೂ ಹಾಕಲಿಲ್ಲ” ಅಂತ ನಗಸ್ತಾನ. ನಾ ನೀರಿಗೆ ಹೋದ್ರ ಹೆಣ್ಮಕ್ಕಳು ಮಾತು ನಿಲ್ಲಸ್ತಾರ. ಪಗಾರ ಬೇಕು, ಇಲ್ಲಂತ ಅನ್ನೂದಿಲ್ಲ. ಆದ್ರ ಅದಕಿಂತ ಮೊದಲು ಆ ಷರಾ ಅಳಸಬೇಕು.

ನೀವೂ ಅದ ಪಲ್ಟನ್ನಿನವರು ಅಂತ ಬೆಟಗೇರಿ ಸಂತಿಯೊಳಗ ಕಾಕಾರಿಗೆ ಯಾರೋ ಹೇಳ್ಯಾರ. ನಮ್ಮವರ ಕೂಡ ಇದ್ದವರು ಅಂತ ತಿಳದು ಕೇಳ್ತೀನಿ. ಆ ಷರಾ ಬರದವರು ಯಾರು, ಪತ್ತೆ ಮಾಡಿ ತಿಳಸ್ರಿ.

ದೇವವ್ವ

ಗದಗ
21-6-1948

ದೇವವ್ವ ತಂಗಿಗೆ ಸಕ್ರಪ್ಪನ ಶರಣು.

ನಿಮ್ಮ ಕಾಗದ ಬಂದು ಒಂಬತ್ತು ದಿನವಾಯಿತು. ತಡವಾದದ್ದಕ್ಕೆ ಸಿಟ್ಟಾಗಬೇಡಿ. ಮೂರು ಸಲ ಬರೆದು ಹರಿದೆ. ನಾನು ನಾಲ್ಕನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು. ಒಂದು ಬರೆಯಲು ಹೋಗಿ ಇನ್ನೊಂದಾಗುತ್ತದೆ, ಆಮೇಲೆ ಅದನ್ನು ಯಾರು ಓದುತ್ತಾರೋ ಎಂದು ಹೆದರಿಕೆ.

ಷರಾ ಬರೆದವರು ಯಾರೆಂದು ಹೇಳುವುದು ಕಷ್ಟ. ತಪಾಸಕ್ಕೆ ನಾಲ್ಕಾರು ಮಂದಿ ಹೋಗಿರುತ್ತಾರೆ. ಬಿಸಿಲಲ್ಲಿ ಊರೂರು ತಿರುಗಿದವರಿಗೆ ಒಂದು ಹೆಸರಿನ ಮುಂದೆ ಬರೆಯಬೇಕಾದದ್ದು ಇನ್ನೊಂದರ ಮುಂದೆ ಬಿದ್ದಿರಲೂಬಹುದು. ಬೇಕೆಂದು ಮಾಡಿರಲಿಕ್ಕಿಲ್ಲ.

ನಾನು ನಿಮ್ಮ ಯಜಮಾನರ ಪಲ್ಟನ್ನಿನವನೆಂದು ಯಾರೋ ಹೇಳಿದ್ದಾರೆ. ಪಲ್ಟನ್ ಎಂದರೆ ಸಾವಿರ ಮಂದಿ. ಎಲ್ಲರ ಮುಖ ನೆನಪಿರುವುದಿಲ್ಲ.

ಮುಂದೆ ಮಾಡಬೇಕಾದದ್ದು ಇಷ್ಟು. ಊರ ಪಂಚರ ಸಹಿ, ನಿಮ್ಮ ಅತ್ತೆಯವರ ಹೆಬ್ಬೆಟ್ಟು ಇರುವ ಒಂದು ಅರ್ಜಿ ಕಳಿಸಿರಿ. ನಾನೇ ಸಾಹೇಬರ ಮೇಜಿನ ಮೇಲೆ ಇಡುತ್ತೇನೆ. ಪಗಾರ ಹಂಚುವ ದಿನ ಶಿರಹಟ್ಟಿ ಕಚೇರಿಗೆ ನೀವು ಖುದ್ದು ಬಂದರೆ ಸಾಹೇಬರು ಕಣ್ಣಾರೆ ನೋಡಿ ಷರಾ ಹೊಡೆದುಹಾಕಬಹುದು. ನಿಮ್ಮ ಕೈಯಲ್ಲಿ ಹಸಿರು ಬಳೆಗಳಿವೆಯಲ್ಲ, ಅವನ್ನು ಮಾತ್ರ ತೆಗೆದು ಬರಬೇಕು. ನೋಡಿದವರು ತಪ್ಪು ತಿಳಿಯುತ್ತಾರೆ.

ನನ್ನ ಹೆಸರನ್ನು ಊರಲ್ಲಿ ಯಾರ ಮುಂದೆಯೂ ಆಡಬೇಡಿ. ನೌಕರಿ ಹೊಸದು.

ಸಕ್ರಪ್ಪ

ಬಾಳೆಹೊಸೂರ
12-8-1948

ಸಕ್ರಪ್ಪ ಅಣ್ಣಾರಿಗೆ,

ಪಂಚಮಿ ಉಂಡಿ ಕಟ್ಟಿ ಕಳಿಸೀನಿ, ಸೇಂಗಾ ಉಂಡಿ ನಾಲ್ಕು, ಎಳ್ಳಿನ ಉಂಡಿ ನಾಲ್ಕು. ಅಣ್ಣಂದ್ರಿಗೆ ಕಳಸೂ ಹಬ್ಬ, ನನಗ ಅಣ್ಣ ಇಲ್ಲ. ನಮಗಾಗಿ ಓಡಾಡೂ ಮನುಷ್ಯಾರು ನೀವೊಬ್ಬರ.

ಅರ್ಜಿಗೆ ಪಂಚರು ಸಹಿ ಹಾಕ್ಯಾರ. ಅತ್ತಿ ಹಾಕಲಿಲ್ಲ. ಬಳಿ ಮಾತು ಬಂದ ಕೂಡಲೆ ಅವರ ಮಾರಿ ಬ್ಯಾರೆ ಆತು. ಅದನ್ನ ನಿಮಗ ತಿಳಸಬೇಕು.

ನಮ್ಮವರು ದಂಡಿಗೆ ಹೊಂಟಾಗ ಅವರ ನಡಕ್ಕ ಬೆಳ್ಳಿ ಉಡದಾರ ಇತ್ತು. ಹುಟ್ಟಿದ ಮಗನಿಗೆ ಅವ್ವ ಹಾಕಿದ್ದು, ವಯಸ್ಸು ಬೆಳದಂಗ ಕೊಂಡಿ ಕೂಡಿಸಿಕೋತ ಬಂದದ್ದು. ಸತ್ತ ಸುದ್ದಿ ಬಂದಾಗ ಅತ್ತಿ ಅಳಲಿಲ್ಲ. ಓಣಿ ಮಂದಿ ನನ್ನ ಬಳಿ ಒಡೀಲಾಕ ಬಂದ್ರ ಬಾಗಲಕ್ಕ ಅಡ್ಡ ನಿಂತು, “ಹೆಣಾ ನೋಡಿದವರು ಯಾರದೀರಿ? ನನ್ನ ಮಗನ ಉಡದಾರ ಮನಿಗೆ ಬರಲಿ, ಇಲ್ಲ ಮಣ್ಣು ಕೊಟ್ಟ ಕೈ ಬಂದು ನನಗ ಹೇಳ್ಲಿ. ಅಲ್ಲೀತನಕ ನನ್ನ ಸೊಸಿ ಕೈ ಮುಟ್ಟಿದ್ರ ನೋಡ್ರಿ” ಅಂದ್ರು. ಆರು ವರ್ಷಾತು. ಉಗಾದಿಗೊಮ್ಮೆ ಪಂಚಮಿಗೊಮ್ಮೆ ಕಾಕಾರು ಹೊಸಾ ಬಳಿ ಇಡಸ್ತಾರ, ದುಡ್ಡು ಇಸಗೊಳ್ಳೂದಿಲ್ಲ. ಊರಿಗೆಲ್ಲ ಗೊತ್ತೈತಿ, ಯಾರೂ ಏನೂ ಅನ್ನೂದಿಲ್ಲ.

ನಾನೂ ಮನಸಿನ್ಯಾಗ ಅವರು ಬರ್ತಾರ ಅಂತೇನೂ ಕುಂತಿಲ್ಲ. ಮುದುಕಿ ಸಲುವಾಗಿ ಇಟಗೊಂಡೀನಿ. ಈಗ ತಗೀರಿ ಅಂದ್ರ ಹೆಂಗ ತಗೀಲಿ?

ದೇವವ್ವ

ಕೆಳಗಿನ ಎರಡು ಸಾಲು ನನ್ನವು, ಆಕೆಗೆ ಓದಿ ಹೇಳಿಲ್ಲ. ಸಕ್ರಪ್ಪನವರೇ, ಗದಗಿನಲ್ಲಿ ಕುಳಿತ ನಿಮಗೆ ಬಳೆಯ ಬಣ್ಣ ಹಸಿರೆಂದು ಹೇಗೆ ತಿಳಿಯಿತು? ನಮ್ಮ ಮೊದಲ ಕಾಗದದಲ್ಲಿ ಬಳೆಯ ಬಣ್ಣ ಇರಲಿಲ್ಲ.
ನಜೀರಸಾಬ, ಬಳೆಗಾರ

ಬೆಟಗೇರಿ
20-8-1948

ನಜೀರಸಾಬರಿಗೆ ಸಲಾಂ.

ಇದು ನಿಮಗೆ ಮಾತ್ರ. ಓದಿ ಒಲೆಗೆ ಹಾಕಿರಿ. ಕಚೇರಿಯಿಂದ ಬರೆಯಲಿಲ್ಲ, ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಲಕೋಟೆಗೆ ಎರಡು ಸಲ ಗಂಜಿ ಹಚ್ಚಿದ್ದೇನೆ.

ಷರಾ ಬರೆದವನು ನಾನು.

ಚೈತ್ರದಲ್ಲಿ ತಪಾಸಕ್ಕೆ ಬಾಳೆಹೊಸೂರಿಗೆ ಬಂದಿದ್ದೆ. ಮನೆಗೆ ಹೋಗಿ, ಅತ್ತೆಯನ್ನು ಕೇಳಿ, ಇಬ್ಬರು ಸಾಕ್ಷಿಗಳ ಮುಂದೆ ಬರೆಯಬೇಕೆಂದು ನಿಯಮ. ಊರ ಹೊರಗಿನ ಬಾವಿಯ ಹತ್ತಿರ ಬೇವಿನ ಗಿಡದ ಕೆಳಗೆ ನಿಂತು ಒಬ್ಬ ಮುದುಕನನ್ನು, ತಿರಕಪ್ಪನ ಮನೆ ಯಾವುದು ಎಂದು ಕೇಳಿದೆ. “ಅಕೋ, ಅವನ ಹೇಣ್ತಿ ಅಲ್ಲೆ ನೀರು ಸೇದಾಕತ್ಯಾಳ” ಎಂದ. ನೋಡಿದೆ. ಎರಡೂ ಕೈ ತುಂಬ ಹಸಿರು ಬಳೆ. ಪಕ್ಕದವಳು ಏನೋ ಅಂದದ್ದಕ್ಕೆ ನಗುತ್ತಿದ್ದಳು. ಗಂಡ ಸತ್ತವಳ ಕೈಯಲ್ಲಿ ಹಸಿರು ಬಳೆ ಬಂತೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಉಡಿಕಿ ಆಗಿದೆ, ಚಲೋ ಆಯಿತು ಎಂದುಕೊಂಡೆ. ಅಲ್ಲಿಯೇ ನಿಂತು ಷರಾ ಬರೆದು ಬಂದ ದಾರಿಯಲ್ಲಿ ತಿರುಗಿಬಿಟ್ಟೆ. ಸಾಕ್ಷಿಗಳ ಸಹಿಯನ್ನು ಮುಂದಿನ ಊರಿನಲ್ಲಿ ಹಾಕಿಸಿದೆ.

ಆಕೆ ಕಳಿಸಿದ ಉಂಡಿಯನ್ನು ನನ್ನ ಹೆಂಡತಿ ಶಂಕ್ರೆವ್ವ ಬಾಯಲ್ಲಿಟ್ಟು, “ಯಾರ ಕಳಿಸ್ಯಾರ, ಭಾಳ ಚಲೋ ಆಗ್ಯಾವು” ಎಂದಳು. ನನ್ನಿಂದ ತಿನ್ನಲಾಗಲಿಲ್ಲ. ಬಿಸಾಡಲೂ ಆಗಲಿಲ್ಲ. ಇನ್ನೂ ಡಬ್ಬಿಯಲ್ಲಿವೆ.

ಸಾಹೇಬರ ಮುಂದೆ ತಪ್ಪು ಒಪ್ಪಿದರೆ ನೌಕರಿ ಹೋಗುತ್ತದೆ. ನನ್ನ ಒಂದು ಕಾಲು ದಂಡಿನಲ್ಲೇ ಕೆಟ್ಟಿದೆ, ಹಮಾಲಿಗೂ ಆಗುವುದಿಲ್ಲ. ಆಕೆ ಬರಿಗೈಯಲ್ಲಿ ಬಂದು ನಿಂತರೆ ಷರಾ ತಾನಾಗಿಯೇ ಹೋಗುತ್ತದೆ. ಯಾರ ಮೇಲೂ ಏನೂ ಬರುವುದಿಲ್ಲ. ಒಂದು ದಿನದ ಮಾತು. ನೀವು ಹೇಳಿದರೆ ಆಕೆ ಕೇಳುತ್ತಾಳೆ.

ಸಕ್ರಪ್ಪ

ಲಕ್ಷ್ಮೇಶ್ವರ
1-9-1948

ಸಕ್ರಪ್ಪನವರಿಗೆ,

ನಿಮ್ಮ ಕಾಗದವನ್ನು ಒಲೆಗೆ ಹಾಕಿಲ್ಲ. ನನ್ನ ಬಳೆಯ ಪೆಟ್ಟಿಗೆಯ ತಳದಲ್ಲಿದೆ.

ನಮ್ಮದು ಬಳೆ ತೊಡಿಸುವ ಕಸುಬು. ಒಡೆಯುವ ದಿನ ನಮ್ಮನ್ನು ಯಾರೂ ಕರೆಯುವುದಿಲ್ಲ, ನಾವು ಆ ಓಣಿಗೆ ಹೋಗುವುದೂ ಇಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನೀವು ನನಗೆ ಆ ಕೆಲಸ ಹೇಳಿದ್ದೀರಿ.

ನೀವು ಷರಾ ಬರೆದದ್ದನ್ನು ದೇವವ್ವನಿಗೆ ಹೇಳಿಲ್ಲ. ಆಕೆ ಕೇಳಿದಳು, “ಕಾಕಾ, ಅಣ್ಣಾರ ಪತ್ರ ಬರಲಿಲ್ಲೇನು?” ಇಲ್ಲ ಎಂದೆ. ಆಕೆಯ ಕಾಗದ ಓದುವವನು ನಾನೊಬ್ಬನೇ, ನಾನೇ ಮುಚ್ಚಿಟ್ಟರೆ ಆಕೆ ಯಾರನ್ನು ನಂಬಬೇಕು? ನಿಮ್ಮ ನಾಚಿಕೆಯಲ್ಲಿ ಅರ್ಧ ನನ್ನ ಪಾಲಿಗೂ ಬಂತು.

ಒಂದು ಮಾತು ಕೇಳುತ್ತೇನೆ. ಮುದುಕಿ ಹನಮವ್ವ ಹೇಳಿದ್ದು ನಿಮಗೆ ಗೊತ್ತಿದೆ, ಉಡದಾರ ಬರಬೇಕು, ಇಲ್ಲವೇ ಮಣ್ಣು ಕೊಟ್ಟವರು ಬಂದು ಹೇಳಬೇಕು. ಆ ಪಲ್ಟನ್ನಿನಲ್ಲಿ ತಿರಕಪ್ಪನ ಕೊನೆಗಾಲ ಕಂಡವರು ಯಾರಾದರೂ ಇದ್ದಾರೆಯೇ? ಒಬ್ಬರು ಬಂದು ಮುದುಕಿಯ ಮುಂದೆ ಕೂತರೆ ಸಾಕು. ಬಳೆಯೂ ರೀತಿಯಿಂದ ಇಳಿಯುತ್ತದೆ, ಷರಾನೂ ಹೋಗುತ್ತದೆ.

ನಜೀರಸಾಬ

ಗದಗ
6-9-1948

ನಜೀರಸಾಬರಿಗೆ,

ಅಂಥವರು ಯಾರೂ ಇಲ್ಲ. ವಿಚಾರಿಸಿ ನೋಡಿದೆ.

ಮುಂಡರಗಿ ಗಡಿಯ ಕಡೆ ರಜಾಕಾರರ ಗಲಾಟೆ ಇರುವುದರಿಂದ ಬಸ್ಸುಗಳು ಸರಿಯಾಗಿ ಓಡುತ್ತಿಲ್ಲ. ಪಗಾರ ಹಂಚುವುದನ್ನು ಅಕ್ಟೋಬರ್ 18, ಸೋಮವಾರಕ್ಕೆ ಹಾಕಿದ್ದಾರೆ. ನೀವೂ ಈ ದಿನಗಳಲ್ಲಿ ಹೊರಗೆ ತಿರುಗಬೇಡಿ. ಬಳೆಯ ವಿಷಯ ಹೇಗಾದರೂ ಮಾಡಿರಿ.

ಸಕ್ರಪ್ಪ

ಬಾಳೆಹೊಸೂರ
24-10-1948

ಸಕ್ರಪ್ಪ ಅಣ್ಣಾರಿಗೆ,

ಶಿರಹಟ್ಟಿಯೊಳಗ ಆವತ್ತು ನಿಮ್ಮನ್ನ ಮೊದಲ ಸಲ ನೋಡಿದೆ. ನೀವು ನನ್ನ ಮಾರಿ ನೋಡಲಿಲ್ಲ. ಮಸಿ ಹಚ್ಚಿ ಹೆಬ್ಬಟ್ಟು ಒತ್ತಿಸೂ ಮುಂದ ನನ್ನ ಕೈ ಹಿಡಿದ್ರಿ, ಹೆಬ್ಬಟ್ಟು ಬಿಟ್ಟು ಪಕ್ಕದ ಬೆರಳಿಗೆ ಮಸಿ ಹಚ್ಚಿ, ಒರಸಿ, ಹೊಳ್ಳಿ ಹಚ್ಚಿದ್ರಿ. ಜ್ವರ ಗಿರ ಇದ್ರ ಔಷಧ ತಗೋರಿ.

ಸಾಹೇಬರು ಕೆಂಪು ಸೀಸಕಡ್ಡಿಲೆ ಷರಾ ಹೊಡದು, “ಯಾರೋ ದಡ್ಡರು ಬರದಾರ” ಅಂದ್ರು. ಮುನ್ನೂರಾ ಹನ್ನೆರಡು ರೂಪಾಯಿ ಎಣಿಸಿಕೊಟ್ರು. ಲಕ್ಷ್ಮಪ್ಪ ಬಾಗಲದಾಗ ನಿಂತಿದ್ದ, ಹೊಳ್ಳಿ ಹೋದ.

ಬಳಿ ಹೆಂಗ ತಗದ್ವಿ ಅಂತ ಹೇಳ್ತೀನಿ. ಕಾಕಾರ ಹೇಣ್ತಿ ಹಸೀನಾಬಿ ಕಾಕು ಹಿಂದಿನ ದಿನ ಬಂದಿದ್ಲು. ಒಡದ್ರ ಸತ್ತಂಗ, ಒಡೀದ ತಗದ್ರ ಏನೂ ಆಗೂದಿಲ್ಲ ಅಂತ ಅತ್ತಿಗೆ ತಿಳಿಸಿ ಹೇಳಿದ್ಲು. ಸಬಕಾರ ಹಚ್ಚಿ ಒಂದೊಂದ ಇಳಿಸಿದ್ಲು, ಹನ್ನೆರಡೂ ಬಳಿ ಒಂದೂ ಸೀಳಲಿಲ್ಲ. ಜ್ವಾಳದ ಗಡಿಗ್ಯಾಗ ಇಟ್ವಿ. ಕಚೇರಿಯಿಂದ ಬಂದ ಕೂಡಲೆ ಹೊಳ್ಳಿ ಇಟಗೊಳ್ಳೂದು ಅಂತ ಮಾತಾಗಿತ್ತು.

ಸಂಜಿಗೆ ಬಂದೆ. ಅತ್ತಿಗೆ ಈಗ ಕಣ್ಣು ಮಸಕು. ಕೈ ಹಿಡದು ಮುಂಗೈ ಸವರಿ ನೋಡಿದ್ರು. ಬರೇ ಎಲುಬು ಕೈಗೆ ಹತ್ತಿರಬೇಕು. ಗಡಿಗಿ ಮುಂದ ಇಟ್ಟು, ಇಡ್ರಿ ಅತ್ತಿ ಅಂದೆ. “ಸರಕಾರದ ಮುಂದ ಗಂಡ ಸತ್ತಾನ ಅಂತ ಹೆಬ್ಬಟ್ಟು ಒತ್ತಿ ಬಂದಿ. ಇನ್ನ ಯಾರ ಹೆಸರಿಲೆ ಇಡ್ಲೆ ತಂಗಿ?” ಅಂದ್ರು. ಆಮ್ಯಾಲೆ ಅಳಾಕ ಸುರು ಮಾಡಿದ್ರು. ಆರು ವರ್ಷದ ಅಳು ಅಣ್ಣಾರ. ಓಣಿ ಮಂದಿ ಎಲ್ಲಾ ಬಂದು ನಿಂತ್ರು, ಯಾರೂ ಸುಮ್ಮಿರು ಅನ್ನಲಿಲ್ಲ.

ಊರಿನ ಬಾಯಿ ಮಾತ್ರ ಮುಚ್ಚಲಿಲ್ಲ. ಕೆಂಪು ಗೀಟು ಕಚೇರಿ ಕಾಗದದಾಗ ಐತಿ, ಊರಾಗ ಯಾರು ನೋಡ್ಯಾರ? “ರೊಕ್ಕದ ಆಸೆಕ್ಕ ಎರಡನೇ ಗಂಡನ್ನೂ ಬಿಟ್ಲು” ಅನ್ನಾಕ ಹತ್ಯಾರ.

ಒಂದು ಉಪಕಾರ ಮಾಡ್ರಿ. ಹೆಣಾ ಇಲ್ಲಲ್ಲ, ಜ್ವಾಳದ ಹಿಟ್ಟಿನ ಗೊಂಬಿ ಮಾಡಿ ಮಣ್ಣು ಕೊಡಬೇಕು ಅಂತ ಹಿರ್ಯಾರು ಹೇಳ್ಯಾರ. ಆ ಗೊಂಬಿ ನಡಕ್ಕ ಉಡದಾರ ಬೇಕಂತ ಅತ್ತಿ ಹಟ. ನಿಮ್ಮ ಬೆಟಗೇರಿಯೊಳಗ ಅಕ್ಕಸಾಲಿಗರು ಇದ್ದಾರ. ಮೂರು ಎಳಿ, ಹಿಂದ ಕೊಂಡಿ, ಬಲಕ್ಕ ಒಂದು ಸಣ್ಣ ತಾಯಿತ. ಕಾಕಾರ ಕೈಲೆ ಇಪ್ಪತ್ತೈದು ರೂಪಾಯಿ ಕಳಿಸೀನಿ. ಮಾಡಿಸಿ ಕೊಡ್ರಿ.

ದೇವವ್ವ

ಬೆಟಗೇರಿ
29-11-1948

ದೇವವ್ವ ತಂಗಿಗೆ,

ಉಡದಾರವನ್ನು ನಜೀರಸಾಬರ ಕೈಯಲ್ಲಿ ಕಳಿಸಿದ್ದೇನೆ. ನಿಮ್ಮ ಇಪ್ಪತ್ತೈದು ರೂಪಾಯಿಯೂ ಅದೇ ಅರಿವೆಯ ಗಂಟಿನಲ್ಲಿದೆ. ಎಣಿಸಿಕೊಳ್ಳಿರಿ. ಅದು ದಾನವಲ್ಲ, ನಾನು ತೀರಿಸಬೇಕಾದದ್ದು. ಯಾಕೆಂದು ಹೇಳುತ್ತೇನೆ. ನಜೀರಸಾಬರಿಗೆ, ಈ ಕಾಗದದಲ್ಲಿ ಏನನ್ನೂ ಬಿಡದೆ ಓದಿರಿ ಎಂದು ಕೈಮುಗಿದು ಹೇಳಿದ್ದೇನೆ.

ಉಡದಾರದ ಎಡಗಡೆ, ಕೊಂಡಿಯಿಂದ ನಾಲ್ಕು ಬೆರಳು ದೂರಕ್ಕೆ ಒಂದು ತಾಮ್ರದ ತಂತಿಯ ಸುತ್ತು ಇದೆ. ಅಕ್ಕಸಾಲಿಗ ರಾಮಪ್ಪ ನಕ್ಕ. “ಹೊಸಾ ಬೆಳ್ಳಿಗೆ ತಾಮ್ರದ ತ್ಯಾಪಿ ಹಾಕಸ್ತಾರೇನಲೇ? ಹೆಣ್ಣು ನೋಡಾಕ ಹೋಗೂ ಮುಂದ ಹರಕ ಅಂಗಿ ತೊಟ್ಟಂಗ” ಎಂದ. ಹಾಕು ಎಂದೆ. ನೀವು ಅದನ್ನು ಹೇಳಿರಲಿಲ್ಲ. ಆದರೂ ಅದಿಲ್ಲದೆ ಮಾಡಿಸಲು ನನ್ನಿಂದ ಆಗಲಿಲ್ಲ. ಊರಲ್ಲಿ ಗುಂಡುಕಲ್ಲು ಎತ್ತುವಾಗ ಹಳೆಯದು ಅಲ್ಲಿ ಹರಿದಿತ್ತಂತೆ. ದಂಡಿಗೆ ಹೊರಡುವ ಮುಂಜಾನೆ ಅಕ್ಕಸಾಲಿಗ ಸಿಗದೆ ಅವ್ವನೇ ತಂತಿ ಸುತ್ತಿ ಕಳಿಸಿದಳೆಂದು ತಿರಕಪ್ಪ ನನಗೆ ಹೇಳಿದ್ದ.

ಪಲ್ಟನ್ ಎಂದರೆ ಸಾವಿರ ಮಂದಿ ಎಂದು ಬರೆದಿದ್ದೆ. ಸುಳ್ಳು. ಕೊನೆಗೆ ನಾವು ಇಬ್ಬರೇ ಇದ್ದೆವು.

ಬರ್ಮಾ ಬಿಟ್ಟು ಕಾಡಿನಲ್ಲಿ ನಡೆದು ಬರುತ್ತಿದ್ದೆವು. ಅವನಿಗೆ ಜ್ವರ. ಎರಡು ದಿನ ನನ್ನ ಹೆಗಲ ಮೇಲೆ ಕೈ ಹಾಕಿ ನಡೆದ. ಮೂರನೇ ದಿನ ಕೂತ, ಏಳಲಿಲ್ಲ. ಉಡದಾರವನ್ನು ತಾನೇ ಬಿಚ್ಚಿ ಕೊಟ್ಟು, “ಅವ್ವನ ಕೈಯಾಗ ಕೊಡಪಾ. ದೇವಿಗೆ ಹೇಳು” ಎಂದ. ಏನು ಹೇಳಬೇಕು ಎಂದು ಕೇಳುವಷ್ಟರಲ್ಲಿ ಮಾತು ನಿಂತಿತು. ಕೈಯಿಂದಲೂ ಬಿದಿರಿನ ತುಂಡಿನಿಂದಲೂ ಮಣ್ಣು ತೋಡಿದೆ. ತಲೆ ಬಡಗಣಕ್ಕೆ ಮಾಡಿದೆ. ಮಣ್ಣು ಕೊಟ್ಟ ಕೈ ನನ್ನದು.

ಆಮೇಲೆ ಎರಡು ದಿನಕ್ಕೆ ಗುಡ್ಡದ ಮೇಲೆ ಒಂದು ಹಳ್ಳಿ ಸಿಕ್ಕಿತು. ಮಾತು ಬಾರದ ಊರು. ನಾನು ಉಂಡು ಐದು ದಿನವಾಗಿತ್ತು. ಉಡದಾರ ತೋರಿಸಿದೆ. ಒಬ್ಬ ಹೆಂಗಸು ಅದನ್ನು ತೆಗೆದುಕೊಂಡು ಎಲೆಯ ಮೇಲೆ ಅನ್ನ ಹಾಕಿದಳು. ಇದನ್ನು ಇಷ್ಟಕ್ಕೇ ಬಿಡಬಹುದಾಗಿತ್ತು, ಆದರೆ ಎಲ್ಲವನ್ನೂ ಬರೆಯುತ್ತೇನೆಂದು ಕೂತಿದ್ದೇನೆ. ಅನ್ನಕ್ಕೆ ಉಪ್ಪು ಸಾಲಲಿಲ್ಲ. ಕೈಸನ್ನೆ ಮಾಡಿ ಮತ್ತೆ ಉಪ್ಪು ಕೇಳಿದೆ. ಹಾಕಿದಳು. ರುಚಿಯಾಗಿತ್ತು. ಜೀವನದಲ್ಲಿ ಅಂಥ ರುಚಿಯ ಅನ್ನ ಉಂಡಿಲ್ಲ.

ಬರಿಗೈಯಲ್ಲಿ ನಿಮ್ಮ ಮನೆಗೆ ಹೇಗೆ ಬರಲಿ? ನಾಳೆ, ಬರುವ ತಿಂಗಳು ಎಂದು ಆರು ವರ್ಷ ಕಳೆದೆ. ತಪಾಸಕ್ಕೆ ನಿಮ್ಮೂರೇ ಬಂತು. ಬಾವಿಯ ಹತ್ತಿರ ನಿಮ್ಮ ಕೈ ನೋಡಿದಾಗ ನನಗೆ ಸಂತೋಷವಾಯಿತು. ಉಡಿಕಿ ಆಗಿದ್ದರೆ ಇನ್ನು ನಾನು ಹೇಳಬೇಕಾದದ್ದು ಏನೂ ಉಳಿಯಲಿಲ್ಲ ಎಂಬ ಸಂತೋಷ. ಆ ಸಂತೋಷದಲ್ಲಿ ಷರಾ ಬರೆದೆ. ಸಾಹೇಬರು ದಡ್ಡ ಎಂದದ್ದು ನನಗೇ. ನಾನು ಬಂದು ಹೇಳಿದ್ದರೆ ಬಳೆ ಆರು ವರ್ಷದ ಹಿಂದೆ ರೀತಿಯಿಂದ ಇಳಿಯುತ್ತಿದ್ದವು. ಹೇಳದ್ದಕ್ಕೆ ಅವು ಉಳಿದವು, ಅವು ಉಳಿದದ್ದಕ್ಕೆ ನಿಮ್ಮ ಮೇಲೆ ಆ ಮಾತು ಬಂತು. ಎಲ್ಲವೂ ನನ್ನಿಂದ.

ಸಾಹೇಬರ ಮುಂದೆ ಶನಿವಾರ ತಪ್ಪು ಒಪ್ಪಿ ಬರೆದುಕೊಟ್ಟಿದ್ದೇನೆ. ನೌಕರಿಯ ವಿಷಯ ಇನ್ನೂ ಏನೂ ಹೇಳಿಲ್ಲ. ಶಂಕ್ರೆವ್ವ ನೂಲಿನ ಕಂಡಿಕೆ ಸುತ್ತಲು ಹೋಗುತ್ತಿದ್ದಾಳೆ.

ತಂಗಿ ಎಂದು ಕರೆಯಲು ನನಗೆ ಮೋರೆ ಇಲ್ಲ. ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ಸಕ್ರಪ್ಪ

ಬಾಳೆಹೊಸೂರ
12-12-1948

ಸಕ್ರಪ್ಪ ಅಣ್ಣಾರಿಗೆ,

ಕಾಕಾರು ಓದಿದ್ರು. ಒಮ್ಮೆ ಓದಿ, ಹೊಳ್ಳಿ ಓದ್ರಿ ಅಂದೆ. ತಾವೂ ನನ್ನ ಕಡೆ ಮುಚ್ಚಿಟ್ಟದ್ದನ್ನ ಹೇಳಿ ಕಣ್ಣಾಗ ನೀರು ತಂದ್ರು. ಅವರ ಕೂಡ ಎಂಟು ದಿನ ಮಾತು ಬಿಟ್ಟಿದ್ದೆ. ಬ್ಯಾರೆ ಯಾರೂ ಬರಿಯೂದಿಲ್ಲ, ಹಿಂಗಾಗಿ ಇವತ್ತ ಕರಿಸೀನಿ.

ಉಡದಾರ ಅತ್ತಿ ಕೈಯಾಗ ಕೊಟ್ಟೆ. ಹೊಸಾದು ಮಾಡಿಸೇವಿ ಅನ್ನಾಕ ಬಾಯಿ ತಗದಿದ್ದೆ. ಅವರು ಬೆರಳಿಲೆ ಎಣಿಸಿಕೋತ ಹೊಂಟಿದ್ರು. ತಂತಿಗೆ ಬಂದು ಬೆರಳು ನಿಂತಿತು. ಹೊಳ್ಳಿ ಮುಟ್ಟಿದ್ರು. “ಇದು ನಾ ಸುತ್ತಿದ್ದು. ಬಂತಲ್ಲ ದೇವಿ, ಬಂತಲ್ಲ” ಅಂದ್ರು. ಬೆಳ್ಳಿ ಹೊಸಾದು ಅಂತ ಅವರ ಕಣ್ಣಿಗೆ ಕಾಣಿಸೂದಿಲ್ಲ. ನಾ ಏನೂ ಅನ್ನಲಿಲ್ಲ. ನೀವು ಇಷ್ಟು ದಿನ ಸುಮ್ಮನಿದ್ರಿ, ಈಗ ನನ್ನ ಪಾಳಿ. ಗೊಂಬಿ ಜೋಡಿ ಅದನ್ನ ಮಣ್ಣಿಗೆ ಹಾಕಾಕ ಬಿಡಲಿಲ್ಲ. ತಲೆದಿಂಬಿನ ಕೆಳಗ ಇಟಗೊಂಡಾರ.

ತಂದವರು ಯಾರು ಅಂತ ಕೇಳಾಕತ್ಯಾರ. ಮಣ್ಣು ಕೊಟ್ಟವರು ಅಂದೆ. “ಹಂಗಾದ್ರ ಬಾಗಲ ತನಕ ಬಂದು ಹಂಗ ಹೋದ್ನೇನು? ಉಣ್ಣಾಕ ಕರಿ. ನನ್ನ ಮಗನ ಸುದ್ದಿ ಅವನ ಬಾಯಿಲೆ ಕೇಳಬೇಕು” ಅಂತಾರ.

ಈಗ ನನ್ನ ಮಾತು. ಹಸದಾಗ ಉಂಡದ್ದಕ್ಕ ನಾ ಬೈಯೂದಿಲ್ಲ. ಅವರು ಇದ್ದಿದ್ರೂ ಅದನ್ನ ಮಾರಿ ಉಣ್ಣಲೇ ಅಂತಿದ್ರು. ಉಪ್ಪು ಕೇಳಿದ್ದಕ್ಕೂ ಬೈಯೂದಿಲ್ಲ. ಆದ್ರ ಬಾವಿ ಕಟ್ಟಿಗೆ ನಿಂತು, ಹತ್ತು ಹೆಜ್ಜಿ ಬಂದು ಒಂದು ಮಾತು ಕೇಳದ, ನನ್ನ ಮ್ಯಾಲೆ ಬರದ್ರಲ್ಲ. ನಾ ಆವತ್ತ ನಕ್ಕಿದ್ದೆ ಅಂತ ಬರದೀರಿ. ಗಂಡ ಸತ್ತಾಕಿ ನಕ್ರ ನಿಮಗ ಅಷ್ಟ ತಿಳೀತೇನು? ಅದಕ್ಕ ಬೈಯೂದೈತಿ. ಪತ್ರದಾಗ ಅಲ್ಲ, ಎದುರಿಗೆ ಕುಂಡ್ರಿಸಿ.

ಎಳ್ಳಮಾಸಿಗೆ ಬರ್ರಿ.

ದೇವವ್ವ

ಬೆಟಗೇರಿ
4-1-1949

ದೇವವ್ವ ತಂಗಿಗೆ,

ಎಳ್ಳಮಾವಾಸ್ಯೆಯ ದಿನ ನೀವು ಕಾದಿರಬೇಕು. ನಾನು ಹೊರಟಿದ್ದೆ. ಲಕ್ಷ್ಮೇಶ್ವರದವರೆಗೆ ಬಂದೆ. ಮಂದಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಿದ್ದರು. ಬಸ್ಸು ನಿಲ್ಲುವ ಜಾಗದಲ್ಲಿ ಮಧ್ಯಾಹ್ನದ ತನಕ ಕೂತೆ. ನಿಮ್ಮ ಅತ್ತೆ ಉಡದಾರವನ್ನು ಕೈಗೆ ಕೊಟ್ಟು, ಇದು ನನ್ನ ಮಗನದೇ ಹೌದಲ್ಲ ಎಂದರೆ ಏನು ಹೇಳಲಿ ಎಂಬುದೇ ತಲೆಯಲ್ಲಿ ತಿರುಗಿತು. ಗದಗಿಗೆ ಹೋಗುವ ಬಸ್ಸು ಬಂದು ನಿಂತಿತು, ಹತ್ತಿಬಿಟ್ಟೆ. ಮನೆಗೆ ಬಂದಾಗ ಶಂಕ್ರೆವ್ವ, “ಉಂಡು ಬಂದ್ರೇನು?” ಎಂದಳು. ಹೌದು ಎಂದೆ. ಆಮೇಲೆ, ಇಲ್ಲ ಎಂದು ಇದ್ದದ್ದನ್ನೆಲ್ಲ ಹೇಳಿದೆ. ಆರು ವರ್ಷದಲ್ಲಿ ಮೊದಲ ಸಲ. ಆಕೆ ಡಬ್ಬಿಯಿಂದ ನಿಮ್ಮ ಪಂಚಮಿ ಉಂಡಿಯೊಂದನ್ನು ತೆಗೆದು ನನ್ನ ಮುಂದೆ ಇಟ್ಟಳು. ಕಲ್ಲಾಗಿತ್ತು. “ಕಡೀರಿ” ಎಂದಳು. ಕಡಿದೆ.

ನೌಕರಿ ಹೋಯಿತು. ನನಗೆ ಅಂಜಿಕೆಯಾಗಬೇಕಿತ್ತು, ಅಷ್ಟಾಗಿ ಆಗಲಿಲ್ಲ. ಹೋಗುವ ಮುಂಚೆ ಸಾಹೇಬರ ಕಡೆಯಿಂದ ಆ ಷರಾದ ನಕಲನ್ನು, ಕೆಂಪು ಗೀಟಿನ ಸಮೇತ, ಸಿಕ್ಕಾ ಹಾಕಿಸಿ ತಂದಿದ್ದೇನೆ. ಕೆಳಗೆ, ಇದನ್ನು ತಪಾಸ ಮಾಡದೆ ಸುಳ್ಳು ಬರೆದವನು ಸಕ್ರಪ್ಪ ಎಂದು ನನ್ನ ಕೈಯಿಂದಲೇ ಬರೆದಿದ್ದೇನೆ.

ಬರುವ ಸೋಮವಾರ ಬರುತ್ತೇನೆ. ನಿಮ್ಮ ಭಾವ ಲಕ್ಷ್ಮಪ್ಪನೂ ಪಂಚರೂ ಚಾವಡಿಯಲ್ಲಿ ಇರುವ ಹಾಗೆ ನಜೀರಸಾಬರಿಂದ ಹೇಳಿಸಿರಿ. ಬಾವಿಗೆ ಬರುವ ಹೆಣ್ಣುಮಕ್ಕಳೂ ಇರಲಿ. ಆ ಕಾಗದವನ್ನು ನಾನೇ ಓದುತ್ತೇನೆ. ನನ್ನ ಓದು ತಡವರಿಸುತ್ತದೆ, ನಗುವವರು ನಗಲಿ. ಅದಾದ ಮೇಲೆ ಅತ್ತೆಯವರ ಮುಂದೆ ಕೂಡುತ್ತೇನೆ. ಉಡದಾರದ ಬಗ್ಗೆ ಅವರು ಕೇಳಿದರೆ ನಿಮ್ಮ ಮೋರೆ ನೋಡುತ್ತೇನೆ, ನೀವು ಹೇಳಿದ ಹಾಗೆ.

ಬಸ್ಸು ತಪ್ಪಿದರೆ ನಡೆದು ಬರುತ್ತೇನೆ. ಕಾಲಿನಿಂದ ತಡವಾಗಬಹುದು, ಮಂದಿಯನ್ನು ಎಬ್ಬಿಸಿ ಕಳಿಸಬೇಡಿ. ಚಾವಡಿಯಲ್ಲಿ ಓದಿ ಮುಗಿಸುವ ತನಕ ನನಗೆ ಒಂದು ತಂಬಿಗೆ ನೀರನ್ನೂ ಕೊಡಬೇಡಿ.

ಸಕ್ರಪ್ಪ